ಮೊದಲ ಟೆಲಿಸ್ಕೋಪ್: ನಾನು ಆರು ಇಂಚಿನ ಡಾಬ್ಸೋನಿಯನ್ ಆರಿಸಿದ್ದು ಯಾಕೆ

"ಇದರಾಗ ಎಷ್ಟು ಪಟ್ಟು ದೊಡ್ಡದ ಕಾಣತೈತಿ?" ವಿಜಯಪುರದಲ್ಲಿ ನನ್ನ ಟೆಲಿಸ್ಕೋಪ್ ನೋಡಿದವರು ಮೊದಲು ಕೇಳುವುದು ಇದನ್ನೇ. ಕೊಳ್ಳುವಾಗ ನಾನು ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬೇರೆ ಎರಡು ಕೇಳಿದೆ. ಕನ್ನಡಿ ಎಷ್ಟು ಅಗಲ ಇದೆ? ಸ್ಟ್ಯಾಂಡ್ ಗಟ್ಟಿಯಾಗಿ ನಿಲ್ಲುತ್ತದಾ?

ಡಬ್ಬಿ ಮೇಲೆ 525 ಪಟ್ಟು ಎಂದು ಬರೆದ ಸಣ್ಣ ಟೆಲಿಸ್ಕೋಪುಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ಆ ಅಂಕಿಯನ್ನು ನಂಬಬೇಡಿ. ಕನ್ನಡಿ ಅಥವಾ ಲೆನ್ಸ್ ಎಷ್ಟು ಮಿಲಿಮೀಟರ್ ಅಗಲವೋ, ಹೆಚ್ಚೆಂದರೆ ಅದರ ಎರಡರಷ್ಟು ಪಟ್ಟು ಉಪಯೋಗಕ್ಕೆ ಬರುತ್ತದೆ. 70 ಮಿ.ಮೀ.ಗೆ 140 ಪಟ್ಟು. ಅದನ್ನು ದಾಟಿದರೆ ಗುರುಗ್ರಹ ದೊಡ್ಡದಾಗುತ್ತದೆ, ಆದರೆ ಮಸುಕಾಗುತ್ತದೆ.

ನಾನು ಆರಿಸಿದ್ದು 150 ಮಿ.ಮೀ. (ಆರು ಇಂಚು) ಕನ್ನಡಿಯ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಟೆಲಿಸ್ಕೋಪ್. 70 ಮಿ.ಮೀ.ಗಿಂತ ಇದು ನಾಲ್ಕೂವರೆ ಪಟ್ಟು ಜಾಸ್ತಿ ಬೆಳಕು ಹಿಡಿಯುತ್ತದೆ. ಫೋಕಲ್ ಲೆಂಗ್ತ್, ಅಂದರೆ ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರ, 1200 ಮಿ.ಮೀ. ಇದನ್ನು ಐಪೀಸ್ (ಕಣ್ಣಿಟ್ಟು ನೋಡುವ ಸಣ್ಣ ಲೆನ್ಸ್) ಮೇಲಿನ ಅಂಕಿಯಿಂದ ಭಾಗಿಸಿದರೆ ಎಷ್ಟು ಪಟ್ಟು ಎಂದು ಗೊತ್ತಾಗುತ್ತದೆ. 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು. ಶನಿಯ ಬಳೆ, ಗುರುವಿನ ನಾಲ್ಕು ದೊಡ್ಡ ಚಂದ್ರರು 48ರಲ್ಲೇ ಕಾಣುತ್ತವೆ.

ನಕ್ಷತ್ರಗಳ ಚಲನೆಯನ್ನು ಹಿಂಬಾಲಿಸುವ ಇಕ್ವಟೋರಿಯಲ್ ಸ್ಟ್ಯಾಂಡ್ ಬೇಡ ಅಂದದ್ದಕ್ಕೆ ನಮ್ಮ ಊರೇ ಒಂದು ಕಾರಣ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿಡಬೇಕು. ಇಲ್ಲಿ ಆ ಚುಕ್ಕಿ ಇರುವುದೇ ಸುಮಾರು 17 ಡಿಗ್ರಿ ಎತ್ತರದಲ್ಲಿ. ಉತ್ತರಕ್ಕೆ ಒಂದು ಎರಡಂತಸ್ತಿನ ಮನೆ ಇದ್ದರೆ ಅದು ಕಾಣುವುದೇ ಇಲ್ಲ. ಡಾಬ್ಸೋನಿಯನ್‌ಗೆ ಆ ಗೋಜಿಲ್ಲ. ನೆಲದ ಮೇಲೆ ತಿರುಗುವ ಪೀಠ, ಅದರ ಮೇಲೆ ಕೊಳವೆ, ಕೈಯಿಂದ ತಳ್ಳಿದರೆ ಆಯ್ತು. ಅಮೆರಿಕದ ಜಾನ್ ಡಾಬ್ಸನ್ 1960ರ ದಶಕದಲ್ಲಿ ಬೀದಿಯ ಜನರಿಗೆ ಆಕಾಶ ತೋರಿಸಲು ರೂಪಿಸಿದ ವಿನ್ಯಾಸ ಇದು. ಆ ಉದ್ದೇಶವೇ ನನಗೆ ತುಂಬಾ ಹಿಡಿಸಿತು. ಚಂದ್ರನ ಫೋಟೋ ಐಪೀಸ್‌ಗೆ ಹಿಡಿದ ಮೊಬೈಲ್‌ನಲ್ಲೇ ಬರುತ್ತದೆ; ನೀಹಾರಿಕೆಗಳ ಫೋಟೋ ಬೇಕಾದವರಿಗೆ ಮಾತ್ರ ಇದು ಸಾಲದು.

ಗಾತ್ರವನ್ನೂ ಯೋಚಿಸಿ. ಕೊಳವೆಯೇ ನಾಲ್ಕು ಅಡಿ ಉದ್ದ, ಬೈಕ್ ಮೇಲೆ ಆಗುವುದಿಲ್ಲ. ನಾನು ಪೀಠ, ಕೊಳವೆ ಬೇರೆ ಮಾಡಿ ಕಾರಿನಲ್ಲಿ ಸಿಂದಗಿ ರಸ್ತೆಯ ಹೊಲಕ್ಕೆ ಒಯ್ಯುತ್ತೇನೆ. ಬಿಸಿಲಿಗೆ ಕಾದ ಮಾಳಿಗೆ ರಾತ್ರಿಯೂ ಬಿಸಿ ಬಿಡುತ್ತದೆ, ಗ್ರಹಗಳು ನಡುಗಿದಂತೆ ಕಾಣುತ್ತವೆ. ಬಿಳಿಜೋಳದ ಹೊಲದ ಬದುವಿನ ಮೇಲೆ ಆ ತೊಂದರೆ ಕಡಿಮೆ. ನವೆಂಬರಿನಿಂದ ಫೆಬ್ರವರಿ ತನಕ ಆಕಾಶ ಚೆನ್ನಾಗಿರುತ್ತದೆ. ಆದರೂ ಏಪ್ರಿಲ್ ಕೊನೆಯ ರಾತ್ರಿ ದಕ್ಷಿಣಕ್ಕೆ ತಿರುಗಿಸಿ ಒಮೆಗಾ ಸೆಂಟಾರಿ ನೋಡಲೇಬೇಕು. ಲಕ್ಷಾಂತರ ನಕ್ಷತ್ರಗಳ ಆ ಗುಚ್ಛ ಲಂಡನ್ನಿನವರಿಗೆ ಕಾಣುವುದೇ ಇಲ್ಲ. ನಮಗೆ 25 ಡಿಗ್ರಿ ಎತ್ತರಕ್ಕೆ ಬರುತ್ತದೆ.

ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ. ಕೊಳವೆಯ ಬಾಯಿ ಪೂರ್ತಿ ಮುಚ್ಚುವ ಸೋಲಾರ್ ಫಿಲ್ಟರ್ ಇಲ್ಲದಿದ್ದರೆ ಕಣ್ಣು ಕಳೆದುಕೊಳ್ಳುತ್ತೀರಿ. ಐಪೀಸ್‌ಗೆ ಹಾಕುವ ಸಣ್ಣ ಫಿಲ್ಟರ್ ಕೊಟ್ಟಿದ್ದರೆ ಎಸೆದುಬಿಡಿ, ಅದು ಬಿಸಿಗೆ ಸೀಳುತ್ತದೆ. ಇನ್ನು ನಮ್ಮ ಕಡೆಯ ಧೂಳು. ನೋಡಿದ ತಕ್ಷಣ ಮುಚ್ಚಳ ಹಾಕಿ. ಕನ್ನಡಿ ಮೇಲೆ ಸ್ವಲ್ಪ ಧೂಳು ಕೂತರೆ ನೋಟ ಕೆಡುವುದಿಲ್ಲ. ಬಟ್ಟೆಯಿಂದ ಉಜ್ಜಿದರೆ ಬೀಳುವ ಗೀರು ಮಾತ್ರ ಹೋಗುವುದಿಲ್ಲ.