ಕಡಪ ಕಲ್ಲು ಒಡೆಯದೆ ಡ್ರಾಯರ್ ಕೂರಿಸಿದ್ದು: ನನ್ನ ಅನುಭವ

ಬೆಂಗಳೂರಿನ ಹಳೆ ಮನೆಗಳ ಅಡುಗೆಮನೆ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮೇಲೆ ಗ್ರಾನೈಟ್ ಕಟ್ಟೆ, ಕೆಳಗೆ ನಿಲ್ಲಿಸಿದ ಕಡಪ ಕಲ್ಲುಗಳು, ನಡುವೆ ಒಂದು ಅಡ್ಡ ಕಲ್ಲು, ಮುಂದೆ ಅಲ್ಯೂಮಿನಿಯಂ ಚೌಕಟ್ಟಿನ ಬಾಗಿಲು. ಇದಕ್ಕೆ ಡ್ರಾಯರ್ ಬೇಕೆಂದು ಕೇಳಿದರೆ ಮಾಡ್ಯುಲರ್ ಕಂಪನಿಯವರು, ಬಡಗಿ, ಗಾರೆಯವರು ಎಲ್ಲರದ್ದೂ ಒಂದೇ ಮಾತು: "ಎಲ್ಲಾ ಒಡೆದು ಹಾಕ್ಬೇಕು ಸಾರ್, ಕಲ್ಲು ಮೂಲೆಮಟ್ಟಕ್ಕೆ ಇರಲ್ಲ, ಪೆಟ್ಟಿಗೆ ಕೂರಲ್ಲ." ಒಡೆಯದೆಯೇ ಕೂರಿಸಿದ್ದೇನೆ. ಎರಡು ಮಳೆಗಾಲ ಕಳೆದಿದೆ, ಏಳು ಡ್ರಾಯರ್‌ಗಳಲ್ಲಿ ಒಂದೂ ಬಿಗಿಯಾಗಿಲ್ಲ, ಒಂದು ಬಾಗಿಲೂ ಜೋತಿಲ್ಲ.

ಒಡೆದು ಹೊಸದಾಗಿ ಮಾಡಿಕೊಡಲು ಬಂದ ಮೂರು ಕೊಟೇಷನ್‌ಗಳಲ್ಲಿ ಕಡಿಮೆಯದು 2.9 ಲಕ್ಷ, ಹೆಚ್ಚಿನದು 3.6 ಲಕ್ಷದ ಆಸುಪಾಸು. ಒಡೆಯುವ ಕೂಲಿ, ಹೊಸ ಗ್ರಾನೈಟ್, ಟೈಲ್ಸ್ ಅದರಲ್ಲಿ ಸೇರಿರಲಿಲ್ಲ. ನನಗೆ ಹಾಳಾದ ಸಾಮಾನೂ ಸೇರಿ 1 ಲಕ್ಷ 11 ಸಾವಿರದೊಳಗೆ ಮುಗಿಯಿತು. ಕಟ್ಟೆ ಎಲ್ ಆಕಾರದ್ದು, ಒಂದು ಕಡೆ 9 ಅಡಿ, ಇನ್ನೊಂದು ಕಡೆ 6 ಅಡಿ.

ಉಪಾಯ ಇಷ್ಟೇ: ಕಲ್ಲಿಗೆ ಯಾವುದನ್ನೂ ಸ್ಕ್ರೂ ಮಾಡಬಾರದು. ಪ್ರತಿ ಗೂಡಿಗೂ ನಾಲ್ಕು ಮೂಲೆ ಸರಿಯಿರುವ ಸ್ವತಂತ್ರ ಪೆಟ್ಟಿಗೆ ಮಾಡಿ, ಕಲ್ಲುಗಳ ನಡುವೆ ತಳ್ಳಿ, ಬೆಣೆ ಕೊಟ್ಟು ನಿಲ್ಲಿಸಬೇಕು. ಕಲ್ಲು ಸೊಟ್ಟಗಿದ್ದರೆ ಇರಲಿ, ಚಾನೆಲ್ (ಡ್ರಾಯರ್ ಜಾರುವ ಹಳಿ) ಕೂರುವುದು ಪ್ಲೈವುಡ್ಡಿನ ಮೇಲೆ.

ಮೊದಲು ಮಾಡಿದ ತಪ್ಪು ಇದೇ ವಿಷಯದಲ್ಲಿ. ಪೆಟ್ಟಿಗೆಯ ಖರ್ಚು ಉಳಿಸಲು ಹೋಗಿ ಟೆಲಿಸ್ಕೋಪಿಕ್ ಚಾನೆಲ್ಲನ್ನು ನೇರವಾಗಿ ಕಡಪ ಕಲ್ಲಿಗೇ ಹಾಕಿಸಿದೆ. ಡ್ರಿಲ್ಲಿನ ಹ್ಯಾಮರ್ ಹಾಕಿ ತೂತು ಕೊರೆದಾಗ ಅಂಚಿನಿಂದ ಎರಡು ಇಂಚಿನೊಳಗೆ ಇದ್ದ ತೂತುಗಳಲ್ಲೆಲ್ಲ ಕಲ್ಲು ಪದರಪದರವಾಗಿ ಎದ್ದಿತು. ಹ್ಯಾಮರ್ ಆಫ್ ಮಾಡಿ ನಿಧಾನಕ್ಕೆ ಕೊರೆದಾಗ ಕಲ್ಲೇನೋ ಉಳಿಯಿತು. ಆದರೆ ಕಲ್ಲಿನ ಮೈ ಒಂದೇ ಸಮನಾಗಿಲ್ಲ, ಒಂದೇ ಹಲಗೆಯಲ್ಲಿ ಮೇಲಕ್ಕೂ ಕೆಳಕ್ಕೂ 3-4 ಮಿಮೀ ವ್ಯತ್ಯಾಸ. ಚಾನೆಲ್‌ಗೆ ಪಕ್ಕಕ್ಕೆ 12.7 ಮಿಮೀ ಜಾಗ ಬೇಕು, ಒಂದು ಮಿಲಿಮೀಟರ್ ಕಡಿಮೆಯಾದರೆ ಬಿಗಿ, ಎರಡು ಹೆಚ್ಚಾದರೆ ಡ್ರಾಯರ್ ಕಳಚಿಕೊಂಡು ಬರುತ್ತದೆ. ವಾಷರ್ ಕೊಟ್ಟು ಸರಿಮಾಡಿದ್ದು ಹದಿನೈದು ದಿನ ಬಾಳಿತು. ರಾಲ್‌ಪ್ಲಗ್ (ತೂತಿನೊಳಗೆ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಬಿರಡೆ) ಸಡಿಲವಾಯಿತು, ಎರಡು ಜೊತೆ ಚಾನೆಲ್ ಹಾಳು.

ಈಗ ಅಳತೆ. ಒಂದು ಗೂಡನ್ನು ಒಂದೇ ಕಡೆ ಅಳೆದು ಬರೆದುಕೊಂಡರೆ ಕೆಲಸ ಕೆಟ್ಟ ಹಾಗೆಯೇ. ಅಗಲವನ್ನು ಮುಂದೆ ಮೇಲೆ, ಮುಂದೆ ಕೆಳಗೆ, ಹಿಂದೆ ಮೇಲೆ, ಹಿಂದೆ ಕೆಳಗೆ, ಜೊತೆಗೆ ನಡುವೆ ಎರಡು ಕಡೆ, ಹೀಗೆ ಆರು ಕಡೆ ಅಳೆಯಬೇಕು. ಒಲೆಯ ಕೆಳಗಿನ ಗೂಡಿನಲ್ಲಿ ನನಗೆ ಸಿಕ್ಕಿದ್ದು ಮುಂದೆ 829 ಮತ್ತು 823, ಹಿಂದೆ 814 ಮತ್ತು 818 ಮಿಮೀ. ಕಡಿಮೆಯದನ್ನೇ ಹಿಡಿದು ಅದರಲ್ಲಿ 8 ಕಳೆದೆ: ಪೆಟ್ಟಿಗೆಯ ಹೊರ ಅಗಲ 806. ಎರಡು ಪಕ್ಕದ 18 ಮಿಮೀ ಪ್ಲೈ ಕಳೆದರೆ ಒಳಗೆ 770. ಎರಡೂ ಚಾನೆಲ್‌ಗೆ ಸೇರಿ 26 ಕಳೆದರೆ ಡ್ರಾಯರ್‌ನ ಹೊರ ಅಗಲ 744. ಈ ಲೆಕ್ಕವನ್ನು ಬಡಗಿಯ ಕೈಗೆ ಬಾಯಿಮಾತಲ್ಲಿ ಕೊಡಬೇಡಿ, ಪ್ರತಿ ತುಂಡಿನ ಮೇಲೂ ಪೆನ್ಸಿಲ್‌ನಲ್ಲಿ ಬರೆಸಿ. ಪೆಟ್ಟಿಗೆ ಜೋಡಿಸಿದ ಮೇಲೆ ಎರಡೂ ಕರ್ಣ ಅಳೆಯಿರಿ, 1 ಮಿಮೀಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಂಟು ಒಣಗುವ ಮುಂಚೆಯೇ ಎಳೆದು ಸರಿಮಾಡಿಸಿ.

ಆಳ ಹಿಡಿಯುವಾಗ ಗೋಡೆಗೆ ತಾಗಿಸಬಾರದು. ಕಲ್ಲು 22 ಇಂಚು ಇದ್ದರೆ ಪೆಟ್ಟಿಗೆ 530 ಮಿಮೀ ಸಾಕು, 20 ಇಂಚಿನ ಚಾನೆಲ್ ಕೂರುತ್ತದೆ, ಹಿಂದೆ ಗಾಳಿಯಾಡಲು ಒಂದು ಇಂಚು ಉಳಿಯುತ್ತದೆ. ಹಳೆ ಗೋಡೆಯ ತೇವವನ್ನು ಬೆನ್ನಿನ 6 ಮಿಮೀ ಪ್ಲೈ ನೇರವಾಗಿ ಕುಡಿಯಬಾರದು.

ಎತ್ತರದಲ್ಲಿ ಎಲ್ಲರೂ ಮರೆಯುವ ಜಾಗ ಒಂದಿದೆ. ಗ್ರಾನೈಟ್‌ನ ಮುಂದಿನ ಅಂಚಿಗೆ ದಪ್ಪ ಕಾಣಲೆಂದು ಕೆಳಗೊಂದು ಪಟ್ಟಿ ಅಂಟಿಸಿ ಡಬಲ್ ಮೋಲ್ಡಿಂಗ್ ಮಾಡಿರುತ್ತಾರೆ. ಅದು ಸುಮಾರು 18-20 ಮಿಮೀ ಕೆಳಗೆ ಇಳಿದಿರುತ್ತದೆ. ಗೂಡಿನ ಒಳಗೆ ಅಳೆದ ಎತ್ತರಕ್ಕೆ ಪೆಟ್ಟಿಗೆ ಮಾಡಿದರೆ ಅದು ಬಾಗಿಲಲ್ಲೇ ನಿಲ್ಲುತ್ತದೆ. ಓರೆ ಮಾಡಿ ತೂರಿಸಲೂ ಆಗುವುದಿಲ್ಲ. ನನ್ನ ಮೊದಲ ಪೆಟ್ಟಿಗೆ ಹೀಗೇ ನಿಂತಿತು, ಮೇಲಿನಿಂದ 22 ಮಿಮೀ ಕೊಯ್ದು ಮತ್ತೆ ಜೋಡಿಸಬೇಕಾಯಿತು. ಎತ್ತರವನ್ನು ಮೋಲ್ಡಿಂಗ್‌ನ ತಳದಿಂದಲೇ ಹಿಡಿಯಿರಿ.

ನಡುವಿನ ಅಡ್ಡ ಕಲ್ಲನ್ನು ಮಾತ್ರ ತೆಗೆಯಲೇಬೇಕು. ಸುತ್ತಿಗೆ ಮುಟ್ಟಿಸಬೇಡಿ. ಅಡ್ಡ ಕಲ್ಲು ನಿಲುವು ಕಲ್ಲಿನ ತೋಡಿನೊಳಗೆ ಸಿಮೆಂಟಿನಲ್ಲಿ ಕೂತಿರುತ್ತದೆ. ಹೊಡೆದರೆ ಪೆಟ್ಟು ಮೇಲಕ್ಕೆ ಹೋಗಿ ಗ್ರಾನೈಟ್ ಜೋಡಣೆ ಬಿರುಕು ಬಿಡುತ್ತದೆ, ಸಿಂಕಿನ ಮೂಲೆಯಂತೂ ಖಂಡಿತ. 4 ಇಂಚಿನ ಗ್ರೈಂಡರ್‌ಗೆ ಡೈಮಂಡ್ ಬ್ಲೇಡ್ ಹಾಕಿ ನಡುಮಧ್ಯೆ ಒಂದು ಸೀಳು, ಎರಡೂ ತುದಿಗೆ ನಿಲುವು ಕಲ್ಲಿನಿಂದ ಅರ್ಧ ಇಂಚು ಬಿಟ್ಟು ಒಂದೊಂದು ಸೀಳು. ತುಂಡುಗಳು ಕೈಗೆ ಬರುತ್ತವೆ. ಉಳಿದ ಅರ್ಧ ಇಂಚನ್ನು ಅದೇ ಬ್ಲೇಡಿನಲ್ಲಿ ಮಟ್ಟ ಮಾಡಿಸಿ. ಮೂರು ಗೂಡಿಗೆ ಗಾರೆಯವರು 1,800 ರೂಪಾಯಿ ತೆಗೆದುಕೊಂಡರು. ಧೂಳು ಮನೆಯೆಲ್ಲ ತುಂಬುತ್ತದೆ, ನೀರು ಚಿಮುಕಿಸುತ್ತಾ ಕೊಯ್ಯಿಸಿ.

ಎಲ್ಲಾ ಗೂಡಿಗೂ ಪೆಟ್ಟಿಗೆ ಬೇಡ ಎನ್ನುವುದೇ ಈ ಕ್ರಮದಲ್ಲಿ ಹಣ ಉಳಿಯುವ ಜಾಗ. ಸಿಂಕಿನ ಕೆಳಗೆ ಕಡಪ ಕಲ್ಲಿಗಿಂತ ಒಳ್ಳೆಯ ವಸ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೊಳೆಯದು, ಊದದು, ಗೆದ್ದಲು ಹಿಡಿಯದು. ಅಲ್ಲಿ ಮುಂದಕ್ಕೊಂದು ಚೌಕಟ್ಟು ಮತ್ತು ಬಾಗಿಲು ಮಾತ್ರ. ಸಿಲಿಂಡರ್ ಗೂಡಿಗೂ ಪೆಟ್ಟಿಗೆ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ನಿಲ್ಲುತ್ತದೆ. ಅದಕ್ಕೇ ಬಾಗಿಲಿನ ತಳದಲ್ಲಿ ಎರಡು ಇಂಚು ತೆರಪು ಬಿಟ್ಟು ಜಾಲರಿ ಹಾಕಿಸಿದೆ, ಮೇಲೂ ಒಂದು ಸಣ್ಣ ಜಾಲರಿ. ರೆಗ್ಯುಲೇಟರ್ ತಿರುಗಿಸಲು ಕೈ ಆಡುವಷ್ಟು ಜಾಗ ಇದೆಯೇ ಎಂದು ತುಂಬಿದ ಸಿಲಿಂಡರ್ ಇಟ್ಟು ನೋಡಿ ಆಮೇಲೆ ಬಾಗಿಲಿನ ಅಳತೆ ಕೊಡಿ. ಹೀಗೆ ಪೆಟ್ಟಿಗೆ ಬಂದದ್ದು ಮೂರೇ ಗೂಡಿಗೆ.

ಸಾಮಗ್ರಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮೋಸ ಹೋಗುವುದು ಇಲ್ಲೇ. ಐದು ತುಂಡು ತಂದು ಬಕೆಟ್ ನೀರಿನಲ್ಲಿ ಮೂರು ದಿನ ಮುಳುಗಿಸಿಟ್ಟೆ. ಪ್ರೀಲ್ಯಾಮ್ ಪಾರ್ಟಿಕಲ್ ಬೋರ್ಡ್ (ಹೊದಿಕೆ ಅಂಟಿಸಿಯೇ ಬರುವ ಮರದ ಪುಡಿಯ ಹಲಗೆ) ಒಂದೇ ರಾತ್ರಿಗೆ 18 ಮಿಮೀಯಿಂದ 24ರ ಹತ್ತಿರಕ್ಕೆ ಊದಿ, ಅಂಚು ಬೆರಳಿಗೆ ಉದುರಿತು. ಎಂಆರ್ ಪ್ಲೈ (ತೇವವನ್ನಷ್ಟೇ ತಡೆಯುವ ಸಾಧಾರಣ ದರ್ಜೆ) ಎರಡನೇ ದಿನ ಪದರ ಬಿಟ್ಟಿತು. ಎಚ್‌ಡಿಎಚ್‌ಎಂಆರ್ (ತೇವ ತಡೆಯುವಂತೆ ಒತ್ತಿ ಮಾಡಿದ ಮರದ ನಾರಿನ ಹಲಗೆ) ಅಂಚಿನಲ್ಲಿ ಒಂದು ಮಿಲಿಮೀಟರ್‌ನಷ್ಟು ಊದಿ ನಿಂತಿತು. ಡಬ್ಲ್ಯುಪಿಸಿಗೆ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ) ಏನೂ ಆಗಲಿಲ್ಲ. ಬಿಡಬ್ಲ್ಯುಪಿ ಪ್ಲೈ (ಕುದಿನೀರನ್ನೂ ತಡೆಯುವ ದರ್ಜೆ) ಸ್ವಲ್ಪ ಭಾರವಾಯಿತಷ್ಟೇ.

ಡಬ್ಲ್ಯುಪಿಸಿ ಗೆದ್ದಿತೆಂದು ಅದನ್ನೇ ಒಲೆಯ ಗೂಡಿನ ಬಾಗಿಲಿಗೆ ಹಾಕಿಸಿದೆ. ಎರಡು ತಿಂಗಳಲ್ಲಿ ಬಾಗಿಲು ಹೊರಕ್ಕೆ ಬಿಲ್ಲಿನಂತೆ ಬಾಗಿತು, ಕಬ್ಜದ ಸ್ಕ್ರೂಗಳು ಕಿತ್ತು ಬಂದವು. ನೀರಿಗೆ ಅದು ಗಟ್ಟಿ, ಆದರೆ ಬಿಸಿಗೂ ಸ್ಕ್ರೂ ಹಿಡಿತಕ್ಕೂ ಅಲ್ಲ. ಮೂರು ಸಾವಿರ ಹೋಯಿತು. ಕೊನೆಗೆ ನಿಂತದ್ದು ಹೀಗೆ: ಪೆಟ್ಟಿಗೆಗಳು 18 ಮಿಮೀ ಬಿಡಬ್ಲ್ಯುಪಿ ಪ್ಲೈ, ಬಾಗಿಲುಗಳು 18 ಮಿಮೀ ಎಚ್‌ಡಿಎಚ್‌ಎಂಆರ್, ಸಿಂಕಿನ ಬಾಗಿಲು ಮಾತ್ರ ಬಿಡಬ್ಲ್ಯುಪಿ. ಎಚ್‌ಡಿಎಚ್‌ಎಂಆರ್ ಮಟ್ಟಸವಾಗಿ ನಿಲ್ಲುತ್ತದೆ, ಬಾಗುವುದು ಕಡಿಮೆ. ಆದರೆ ಅದರ ಅಂಚಿಗೆ ಮೊದಲು 3 ಮಿಮೀ ತೂತು ಕೊರೆಯದೆ ಸ್ಕ್ರೂ ಬಿಟ್ಟರೆ ಸೀಳುತ್ತದೆ.

ಬಿಡಬ್ಲ್ಯುಪಿ ಎಂದರೆ ಐಎಸ್ 710, ಮರೀನ್ ಪ್ಲೈನ ಭಾರತೀಯ ಮಾನದಂಡ. ಹಾಳೆಯ ಮೇಲೆ 710 ಎಂದು ಮುದ್ರೆ ಇದ್ದ ಮಾತ್ರಕ್ಕೆ ನಂಬಬೇಡಿ. ಒಂದು ಅಂಗಡಿಯಿಂದ ತಂದ ಎರಡು ಹಾಳೆಗೆ ಮುದ್ರೆ ಚೆನ್ನಾಗಿಯೇ ಇತ್ತು. ಮೂಲೆಯಿಂದ ಮೂರು ಇಂಚಿನ ತುಂಡು ಕೊಯ್ದು ಹಳೆ ಪಾತ್ರೆಯಲ್ಲಿ ಕುದಿಯಲು ಇಟ್ಟೆ. ಐದು ಗಂಟೆಗೆ ಪದರ ಬಾಯಿಬಿಟ್ಟಿತು. ನಿಜವಾದ 710ರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು. ಕೊಯ್ದ ಹಾಳೆಯೆಂದು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, ಏಳು ಸಾವಿರ ನಷ್ಟ. ಈಗ ನಾನು ಮಾಡುವುದು: ಐಎಸ್‌ಐ ಗುರುತಿನ ಕೆಳಗಿರುವ ಸಿಎಂ/ಎಲ್ (ಪರವಾನಗಿ) ನಂಬರನ್ನು ಅಂಗಡಿಯಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡುವುದು, ಬಿಲ್ಲಿನಲ್ಲಿ ಬ್ರ್ಯಾಂಡ್, ದಪ್ಪ, "ಐಎಸ್ 710" ಮೂರನ್ನೂ ಬರೆಸುವುದು. ಬೆಂಗಳೂರಿನ ಪ್ಲೈವುಡ್ ಅಂಗಡಿಗಳ ಸಿದ್ದಯ್ಯ ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಇಷ್ಟು ಕೇಳಿದರೆ ರೇಟೂ ಇಳಿಯುತ್ತದೆ, ಮಾಲೂ ಬದಲಾಗುತ್ತದೆ.

ಲ್ಯಾಮಿನೇಟ್ ಹೊರಗೆ 1 ಮಿಮೀ, ಒಳಗೆ 0.8. ಒಳಗಿನದನ್ನು ಬಿಟ್ಟು ಪೇಂಟ್ ಹೊಡೆಸಿ ಎನ್ನುವವರ ಮಾತು ಕೇಳಬೇಡಿ. ಒಂದೇ ಮೈಗೆ ಲ್ಯಾಮಿನೇಟ್ ಅಂಟಿಸಿದ ಬಾಗಿಲು ಮಳೆಗಾಲಕ್ಕೆ ತಿರುಚಿಕೊಳ್ಳುತ್ತದೆ, ಎರಡೂ ಕಡೆಯ ಎಳೆತ ಸಮ ಇರಬೇಕು. ಕೊಯ್ಯುವುದು, ಪ್ರೆಸ್ ಮಾಡುವುದು, ಎಡ್ಜ್ ಬ್ಯಾಂಡ್ (ಅಂಚಿಗೆ ಪಟ್ಟಿ ಅಂಟಿಸುವುದು) ಮೂರನ್ನೂ ಮನೆಯಲ್ಲಿ ಮಾಡಿಸಲಿಲ್ಲ. ಪ್ಯಾನೆಲ್ ಸಾ (ಹಲಗೆ ಕೊಯ್ಯುವ ಯಂತ್ರ) ಮತ್ತು ಪ್ರೆಸ್ ಇರುವ ಕಡೆ ಕೊಟ್ಟು ಮಾಡಿಸಿದೆ, ಒಂಬತ್ತು ಸಾವಿರವಾಯಿತು. ಮನೆಯಲ್ಲಿ ಮೊಳೆ ಹೊಡೆದು, ಭಾರ ಹೇರಿ ಅಂಟಿಸಿದ ಲ್ಯಾಮಿನೇಟ್ ಮೊದಲು ಏಳುವುದು ಅಂಚಿನಲ್ಲಿ. ಅಂಟು ನೀರು ತಡೆಯುವ ಮರೀನ್ ದರ್ಜೆಯದೇ ಇರಲಿ, ಬಡಗಿಯ ಚೀಲದಲ್ಲಿರುವ ಮಾಮೂಲು ಬಿಳಿ ಅಂಟು ಸಿಂಕಿನ ಪಕ್ಕಕ್ಕೆ ಬೇಡ.

ಪೆಟ್ಟಿಗೆ ಕೂರಿಸುವಾಗ ಅದರ ತಳ ಕಲ್ಲಿಗೆ ತಾಗಬಾರದು. ನಾಲ್ಕು ಮೂಲೆಗೂ 8 ಮಿಮೀ ಪಿವಿಸಿ ಬಿಲ್ಲೆ ಇಟ್ಟೆ, ನೆಲ ತೊಳೆದ ನೀರು ಕೆಳಗೇ ಹರಿದು ಹೋಗುತ್ತದೆ. ಮಟ್ಟಕ್ಕೆ ಅಕ್ರಿಲಿಕ್ ಚೂರುಗಳು, 3 ಮತ್ತು 5 ಮಿಮೀ. ಮರದ ಬೆಣೆ ಬೇಡ, ಅದು ನೀರು ಕುಡಿದು ಊದಿ ಪೆಟ್ಟಿಗೆಯ ಪಕ್ಕವನ್ನು ಒತ್ತುತ್ತದೆ. ಪಕ್ಕಗಳಿಗೆ ನಾಲ್ಕು ಕಡೆ ಬೆಣೆ, ಮೇಲೆ ಸ್ಲ್ಯಾಬಿಗೂ ಪೆಟ್ಟಿಗೆಗೂ ನಡುವೆ ರಬ್ಬರ್ ತುಂಡು. ತುಂಬಿದ ಡ್ರಾಯರ್ ಪೂರ್ತಿ ಎಳೆದಾಗ ಪೆಟ್ಟಿಗೆ ಮುಂದಕ್ಕೆ ಮಗುಚದಂತೆ ಹಿಡಿಯುವುದು ಆ ರಬ್ಬರೇ. ಒಂದು ದಿನ ಡ್ರಾಯರ್ ಎಳೆದು ತಳ್ಳಿ ನೋಡಿ ಆಮೇಲೆ ಸುತ್ತ ಸಿಲಿಕಾನ್ ಕೊಡಿ, ಜಿರಲೆಗೆ ಸಂದು ಉಳಿಯಬಾರದು.

ಎರಡು ಗೂಡುಗಳ ನಡುವೆ ಕಲ್ಲಿನ ದಪ್ಪ, ಎರಡೂ ಕಡೆಯ ಸಂದು ಸೇರಿ 40-45 ಮಿಮೀ ಕಾಣುತ್ತದೆ. ಬಾಗಿಲಿನಿಂದ ಅದನ್ನು ಮುಚ್ಚಲು ಹೋಗಬೇಡಿ. 0 ಕ್ರ್ಯಾಂಕ್ ಕಬ್ಜ (ನೇರ ತೋಳಿನದು) ಹಾಕಿದರೆ ಬಾಗಿಲು ಪಕ್ಕದ ಪ್ಲೈ ಮೇಲೆ ಹದಿನಾರು ಹದಿನೆಂಟು ಮಿಲಿಮೀಟರ್‌ವರೆಗೆ ಬರುತ್ತದೆ, ಅಷ್ಟೇ. ಅದೇ ಲ್ಯಾಮಿನೇಟಿನ 18 ಮಿಮೀ ದಪ್ಪದ ಪಟ್ಟಿಯನ್ನು ಕಲ್ಲಿನ ಮುಂದೆ ನಿಲ್ಲಿಸಿದರೆ ಬಾಗಿಲಿನ ಮೈಗೆ ಸಮವಾಗಿ ಬರುತ್ತದೆ, ಬೇಕೆಂದೇ ಮಾಡಿದ ಗೆರೆಯಂತೆ ಕಾಣುತ್ತದೆ. ಕಲ್ಲಿನ ಸೊಟ್ಟಕ್ಕೆ ಆ ಪಟ್ಟಿಯ ಅಂಚನ್ನು ಗೆರೆ ಹಾಕಿ ಹತ್ತರಿ ಹೊಡೆಯುವುದರಲ್ಲಿ, ಮತ್ತೆ ಸ್ಕ್ರೂ ಕಾಣದಂತೆ ಅದನ್ನು ಹಿಡಿಸುವುದರಲ್ಲಿ ನಾನು ಕಂಡುಕೊಂಡ ಒಂದು ವರಸೆ ಇದೆ. ಅದನ್ನು ಇಲ್ಲಿ ಬಿಡಿಸುವುದಿಲ್ಲ. ಕೈಗೆ ಪಳಗಿದ ಬಡಗಿ ಒಂದು ದಿನ ಕೂತು ಯೋಚಿಸಿದರೆ ಹೊಳೆಯುತ್ತದೆ.

ಅಂದಹಾಗೆ, ಒಲೆಯ ಪಕ್ಕದ ಗೂಡಿನಲ್ಲಿ 6 ಇಂಚು ಉಳಿಯಿತು. ಎಲ್ಲರೂ ಅಲ್ಲಿ ಬಾಟಲಿ ಇಡುವ ತಂತಿ ಬುಟ್ಟಿ ಹಾಕಿಸುತ್ತಾರೆ, ನಾಲ್ಕೈದು ಸಾವಿರ. ನಾನು ಮೂರು ನಿಲುವು ಪ್ಲೈ ಪಟ್ಟಿ ಕೊಟ್ಟು ದೋಸೆ ಕಾವಲಿ, ಚಪಾತಿ ಮಣೆ, ದೊಡ್ಡ ತಟ್ಟೆಗಳಿಗೆ ಮಾಡಿದೆ. ತುಂಡು ಪ್ಲೈನಲ್ಲೇ ಆಯಿತು, ಇಡೀ ಅಡುಗೆಮನೆಯಲ್ಲಿ ಹೆಚ್ಚು ಬಳಕೆಯಾಗುವುದು ಅದೇ. 25 ಕೆಜಿ ಅಕ್ಕಿಗೆ ಡ್ರಾಯರ್ ಮಾಡಿದ್ದೂ ನಿಂತಿದೆ, 45 ಕೆಜಿ ತಾಳುವ ಚಾನೆಲ್ ಹಾಕಿ, ತಳಕ್ಕೆ 6ರ ಬದಲು 12 ಮಿಮೀ ಪ್ಲೈ ಕೊಟ್ಟರೆ ಸರಿ. ಹಿಡಿಯಿಲ್ಲದ ಪ್ರೊಫೈಲ್ ಬಾಗಿಲು ಮಾತ್ರ ಬೇಡ. ಬೆರಳು ಹಾಕಿ ಎಳೆಯುವ ಅದರ ತೋಡಿನಲ್ಲಿ ಹಿಟ್ಟು, ಒಗ್ಗರಣೆಯ ಎಣ್ಣೆ ಕೂತು ಬೆರಳಿಗೆ ಅಂಟುತ್ತದೆ. ಕಿತ್ತು 128 ಮಿಮೀ ಸ್ಟೀಲ್ ಹಿಡಿ ಹಾಕಿಸಿದೆ.

ಮೇಲಿನ ಕಪಾಟಿನ ಬಗ್ಗೆ ಹೆಚ್ಚೇನಿಲ್ಲ. ಕಟ್ಟೆಯಿಂದ 24 ಇಂಚು ಮೇಲೆ, ಹೊರ ಆಳ 13 ಇಂಚು. 12 ಮಾಡಿದರೆ 11 ಇಂಚಿನ ಊಟದ ತಟ್ಟೆಗೆ ಬಾಗಿಲು ತಗಲುತ್ತದೆ.

ನೆನಪಿನಲ್ಲಿರುವ ಲೆಕ್ಕ: 18 ಮಿಮೀ ಪ್ಲೈ ನಾಲ್ಕು ಹಾಳೆ 14,400, ಎಚ್‌ಡಿಎಚ್‌ಎಂಆರ್ ಮೂರು 8,100, 12 ಮತ್ತು 6 ಮಿಮೀ ಪ್ಲೈ ಸೇರಿ ಒಂಬತ್ತು ಸಾವಿರ ಚಿಲ್ಲರೆ, ಲ್ಯಾಮಿನೇಟ್ ಹದಿನಾಲ್ಕೂವರೆ ಸಾವಿರ. ಸಾಫ್ಟ್ ಕ್ಲೋಸ್ ಕಬ್ಜ 26ಕ್ಕೆ 3,400, ಚಾನೆಲ್ ಏಳು ಜೊತೆಗೆ 3,900, ಹಿಡಿ ನಾಲ್ಕು ಸಾವಿರ, ಅಂಟು, ಸ್ಕ್ರೂ, ಬ್ಯಾಂಡ್ ಆರು ಸಾವಿರ, ಕೊಯ್ತ ಮತ್ತು ಪ್ರೆಸ್ ಒಂಬತ್ತು. ಬಡಗಿ ಮತ್ತು ಸಹಾಯಕ ದಿನಕ್ಕೆ ಎರಡು ಸಾವಿರದಂತೆ ಒಂಬತ್ತು ದಿನ, 18,000. ಗಾರೆ, ನಲ್ಲಿ, ಕರೆಂಟ್ ಕೆಲಸ ಆರೂವರೆ ಸಾವಿರ, ಸಾಗಾಟ ಎರಡು. ಅಲ್ಲಿಗೆ 99 ಸಾವಿರದ ಹತ್ತಿರ. ಅದರ ಮೇಲೆ ಹೋದದ್ದು ನಕಲಿ ಪ್ಲೈ, ಡಬ್ಲ್ಯುಪಿಸಿ, ಹಾಳಾದ ಚಾನೆಲ್‌ಗಳ ಬಾಬ್ತು.

ಕರೆಂಟ್ ಕೆಲಸವನ್ನು ಪೆಟ್ಟಿಗೆ ಕೂರಿಸುವ ಮುಂಚೆಯೇ ಮುಗಿಸಿ. ಇಂಡಕ್ಷನ್ ಅಥವಾ ಓವನ್ ಇಡುವುದಿದ್ದರೆ 16 ಆಂಪಿಯರ್ ಪಾಯಿಂಟಿಗೆ ಮನೆಯ ಮುಖ್ಯ ಬೋರ್ಡಿನಿಂದಲೇ ಬೇರೆ ವೈರು ಎಳೆಸಿ, 4 ಚದರ ಮಿಮೀ. ಪೆಟ್ಟಿಗೆ ಒಳಗೆ ಹೋದ ಮೇಲೆ ಹಿಂದಿನ ಗೋಡೆ ಕೈಗೆ ಸಿಗುವುದಿಲ್ಲ. ನನಗೆ ನೀರಿನ ಫಿಲ್ಟರ್‌ನ ಪಾಯಿಂಟ್ ಮರೆತುಹೋಗಿ ಒಂದು ಪೆಟ್ಟಿಗೆಯನ್ನು ಮತ್ತೆ ಈಚೆ ಎಳೆಯಬೇಕಾಯಿತು. ಸಿಲಿಕಾನ್ ಕೊಯ್ದು, ಬೆಣೆ ತೆಗೆದು, ಹತ್ತು ನಿಮಿಷದಲ್ಲಿ ಹೊರಗೆ ಬಂತು, ಸಂಜೆಗೆ ಮತ್ತೆ ಒಳಗೆ ಹೋಯಿತು.