ಎರಡನೇ ಬಾರಿ ಗೆದ್ದ ಜನಪರ ಕಾರ್ಪೊರೇಟರ್ ತಮ್ಮ ಆದ್ಯತೆಗಳನ್ನು ಗೊತ್ತುಮಾಡಿಕೊಳ್ಳುವ ಬಗೆ

ಕರ್ನಾಟಕದ ಮಹಾನಗರ ಪಾಲಿಕೆಗಳಲ್ಲಿ ಒಂದೇ ವಾರ್ಡಿನಿಂದ ಸತತ ಎರಡು ಅವಧಿಗೆ ಆರಿಸಿ ಬರುವುದು ಸುಲಭವಲ್ಲ. ಮತದಾರರು ಮೆಚ್ಚಿದರೂ ಮೀಸಲಾತಿಯ ಆವರ್ತನೆ ಅಡ್ಡ ಬರುತ್ತದೆ; ಕಳೆದ ಸಲ ಸಾಮಾನ್ಯ ಸ್ಥಾನವಾಗಿದ್ದ ವಾರ್ಡು ಈ ಸಲ ಹಿಂದುಳಿದ ವರ್ಗದ ಮಹಿಳೆಗೆ ಮೀಸಲಾಗಬಹುದು. ಆದ್ದರಿಂದ ಎರಡನೇ ಅವಧಿ ಸಿಕ್ಕವರು ಅದನ್ನು ಆ ವಾರ್ಡಿನ ಮಟ್ಟಿಗೆ ಕೊನೆಯ ಅವಧಿಯೆಂದೇ ಎಣಿಸಿ, ತಾವು ಸದಸ್ಯರಾಗಿಲ್ಲದಾಗಲೂ ನಡೆದುಕೊಂಡು ಹೋಗುವಂಥ ಕೆಲಸಗಳನ್ನು ಆಯ್ದುಕೊಳ್ಳುವುದು ಲೇಸು. ಇಲ್ಲಿನ ಸಲಹೆಗಳು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮದಡಿ ಬರುವ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿಯಂಥ ನಗರಗಳಿಗೆ ಅನ್ವಯಿಸುತ್ತವೆ. ಬೆಂಗಳೂರಿಗೆ ಪ್ರತ್ಯೇಕ ಕಾನೂನಿರುವುದರಿಂದ ಅಲ್ಲಿನ ವಿವರಗಳು ಬೇರೆ.

ಮೊದಲು ಹಿಂದಿನ ಅವಧಿಯ ಬಾಕಿಯನ್ನು ಎದುರಿಗಿಟ್ಟುಕೊಳ್ಳಬೇಕು. ಪ್ರಣಾಳಿಕೆಯಲ್ಲಿ ಹೇಳಿಯೂ ಆಗದೆ ಉಳಿದ ಪ್ರತಿಯೊಂದು ಕೆಲಸದ ಕಡತ ಈಗ ಎಲ್ಲಿ ನಿಂತಿದೆ ಎಂಬುದನ್ನು ವಲಯ ಕಚೇರಿಯಿಂದ ಲಿಖಿತವಾಗಿಯೇ ಪಡೆಯಿರಿ. ಕೆಲವು ಕಡತಗಳು ಹಣವಿಲ್ಲದೆ ನಿಂತಿರುತ್ತವೆ, ಕೆಲವು ಸಾಮಾನ್ಯ ಸಭೆಯ ಠರಾವಿಗಾಗಿ ಕಾಯುತ್ತಿರುತ್ತವೆ, ಉಳಿದವು ರಾಜ್ಯ ಸರ್ಕಾರದ ಕೈಯಲ್ಲಿರುತ್ತವೆ. ಪಾಲಿಕೆಯ ಆಯುಕ್ತರನ್ನು ನೇಮಿಸುವುದು ಸರ್ಕಾರ, ಹೊಸ ಬಡಾವಣೆಗಳ ಮೇಲೆ ಹಿಡಿತವಿರುವುದು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ. ಹೀಗಿರುವಾಗ ತಮ್ಮ ಕೈಯಲ್ಲಿಲ್ಲದ್ದನ್ನು ಮತ್ತೆ ಭರವಸೆಯಾಗಿ ಕೊಡುವುದು ಜನಪರತೆಯಲ್ಲ, ಬರೀ ಭಾಷಣ. ಅಂಥವನ್ನು ಶಾಸಕರ ಮುಂದಿಡಬೇಕಾದ ಬೇಡಿಕೆಗಳ ಪಟ್ಟಿಗೆ ವರ್ಗಾಯಿಸಿಬಿಡಿ. ಶಾಸಕರೂ ಸಂಸದರೂ ಪಾಲಿಕೆ ಸಭೆಯ ಸದಸ್ಯರಾಗಿರುವುದರಿಂದ ಆ ಬೇಡಿಕೆಯನ್ನು ಸಭೆಯಲ್ಲೇ, ನಡಾವಳಿಯಲ್ಲಿ ದಾಖಲಾಗುವಂತೆ, ಅವರೆದುರು ಇಡಬಹುದು.

ಎರಡನೆಯದು ಸ್ಥಾಯಿ ಸಮಿತಿಯ ಆಯ್ಕೆ. ತೆರಿಗೆ, ಹಣಕಾಸು ಮತ್ತು ಅಪೀಲು; ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ; ನಗರ ಯೋಜನೆ ಮತ್ತು ಅಭಿವೃದ್ಧಿ; ಲೆಕ್ಕಪತ್ರ ಎಂಬ ನಾಲ್ಕು ಸಮಿತಿಗಳಿವೆ, ಅವುಗಳ ಅವಧಿ ಒಂದೇ ವರ್ಷ. ಪ್ರಗತಿಪರರೆನಿಸಿಕೊಂಡವರು ಸಾಮಾನ್ಯವಾಗಿ ಸಾಮಾಜಿಕ ನ್ಯಾಯದ ಸಮಿತಿಯತ್ತ ವಾಲುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಹಣಕಾಸು ಸಮಿತಿಗೇ ಹೋಗಬೇಕು, ಏಕೆಂದರೆ ಸಾಮಾಜಿಕ ನ್ಯಾಯ ಬಜೆಟ್ಟಿನ ಶೀರ್ಷಿಕೆಯಾಗದ ಹೊರತು ಕಾಗದದ ಮೇಲೇ ಉಳಿಯುತ್ತದೆ.

ಹಣದ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಒಂದಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಪಾಲಿಕೆಗಳು ನಿಧಿಯನ್ನು ಮೀಸಲಿಡಬೇಕು. ಮೀಸಲಿಡುವುದಕ್ಕೆ ಯಾರೂ ತಕರಾರು ಮಾಡುವುದಿಲ್ಲ; ತೊಂದರೆ ಖರ್ಚಿನಲ್ಲಿದೆ. ಫಲಾನುಭವಿಗಳ ಪಟ್ಟಿ ತಡವಾಗಿ ಸಿದ್ಧವಾಗುತ್ತದೆ, ಮಾರ್ಚ್ ಹತ್ತಿರ ಬಂದಾಗ ಹಣ ಉಳಿದಿರುತ್ತದೆ, ಆಗ ಕಾಲೊನಿಯ ಅಂಚಿನಲ್ಲಿ ಹಾದುಹೋಗುವ ಯಾವುದೋ ರಸ್ತೆಗೆ ಡಾಂಬರು ಹಾಕಿ ಲೆಕ್ಕ ಮುಗಿಸುವ ಒತ್ತಡ ಹುಟ್ಟುತ್ತದೆ. ಇದನ್ನು ತಡೆಯಲು ಏಪ್ರಿಲ್‌ನಲ್ಲೇ ವಾರ್ಡುವಾರು ಪಟ್ಟಿ ಪ್ರಕಟಿಸಬೇಕೆಂದೂ, ಪ್ರತಿ ಮೂರು ತಿಂಗಳಿಗೊಮ್ಮೆ ವೆಚ್ಚದ ವರದಿಯನ್ನು ಸಾಮಾನ್ಯ ಸಭೆಯ ಮುಂದಿಡಬೇಕೆಂದೂ ಒಂದು ಠರಾವು ಮಾಡಿಸಿ. ತ್ರಿಚಕ್ರ ವಾಹನ ಯಾರಿಗೆ, ವಿದ್ಯಾರ್ಥಿಗಳ ಶುಲ್ಕ ಮರುಪಾವತಿ ಯಾರಿಗೆ ಎಂಬುದು ಗೋಡೆಯ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಕಂಡರೆ, ಅದಕ್ಕಾಗಿ ಕಾರ್ಪೊರೇಟರ್ ಮನೆಬಾಗಿಲಿಗೆ ಎಡತಾಕುವವರ ಸಂಖ್ಯೆ ತಾನಾಗಿ ಇಳಿಯುತ್ತದೆ. ಇದು ಕೆಲವು ಸದಸ್ಯರಿಗೆ ರುಚಿಸದಿರಬಹುದು.

ನೀರಿನ ಬಗ್ಗೆ ಮಾತು ಕೊಡುವಾಗ ಕಾಲದ ಅಂದಾಜು ಇರಲಿ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ಬಡಾವಣೆಗಳಲ್ಲಿ ವಿಶ್ವಬ್ಯಾಂಕ್ ನೆರವಿನ ನಿರಂತರ ನೀರು ಪೂರೈಕೆ 2008ರಲ್ಲೇ ಆರಂಭವಾಯಿತು. ಅದನ್ನು ಇಡೀ ನಗರಕ್ಕೆ ವಿಸ್ತರಿಸುವ ಕೆಲಸ ದಶಕ ಕಳೆದರೂ ಮುಗಿಯಲಿಲ್ಲ. ಐದು ವರ್ಷದ ಅವಧಿಯ ಸದಸ್ಯರೊಬ್ಬರು ಅಂಥ ಯೋಜನೆಯ ಕೀರ್ತಿಯನ್ನು ತಮ್ಮದಾಗಿಸಿಕೊಳ್ಳಲು ಹೊರಡುವುದಕ್ಕಿಂತ, ಕೊಳೆಗೇರಿಗಳ ಮನೆಗಳಿಗೆ ಸಂಪರ್ಕ ಶುಲ್ಕದಲ್ಲಿ ರಿಯಾಯಿತಿ, ನೀರು ಬಿಡುವ ದಿನ ಮತ್ತು ಹೊತ್ತಿನ ಮುಂಗಡ ಪ್ರಕಟಣೆ ಇಂಥ ಸಣ್ಣ ಗುರಿಗಳನ್ನು ಹಿಡಿದು ಸಾಧಿಸುವುದು ಮೇಲು.

ದುಡಿಯುವವರ ಪೈಕಿ ಎರಡು ವರ್ಗದವರನ್ನು ಮರೆಯುವಂತಿಲ್ಲ. ಪೌರಕಾರ್ಮಿಕರ ವಿಷಯದಲ್ಲಿ 700 ಜನಕ್ಕೊಬ್ಬರು ಎಂಬ ಮಾನದಂಡ ನಿಮ್ಮ ವಾರ್ಡಿನಲ್ಲಿ ಪಾಲನೆಯಾಗಿದೆಯೇ ಎಂದು ಹಾಜರಿ ಪುಸ್ತಕ ನೋಡಿ ತಿಳಿಯಿರಿ. ಕಸದ ವಾಹನದ ಚಾಲಕರು ಮತ್ತು ಒಳಚರಂಡಿ ಕಾರ್ಮಿಕರು ಗುತ್ತಿಗೆಯಲ್ಲೇ ಉಳಿದಿದ್ದರೆ ಅವರ ವೇತನ, ಭವಿಷ್ಯ ನಿಧಿ, ಇಎಸ್‌ಐ ಪಾವತಿಯ ದಾಖಲೆಯಿಲ್ಲದೆ ಗುತ್ತಿಗೆದಾರರ ಬಿಲ್ಲಿಗೆ ಒಪ್ಪಿಗೆ ಕೊಡಬಾರದೆಂದು ಒತ್ತಾಯಿಸಿ. ಬೀದಿ ವ್ಯಾಪಾರಿಗಳಿಗೆ ಅವರ ಜೀವನೋಪಾಯವನ್ನು ರಕ್ಷಿಸುವ 2014ರ ಕೇಂದ್ರ ಕಾಯ್ದೆಯೇ ಆಸರೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ, ಅದರಡಿಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಚುನಾಯಿಸಿದವರಾಗಿರಬೇಕು. ಪಾದಚಾರಿ ಮಾರ್ಗ ತೆರವಿನ ದೂರು ಬಂದಾಗ ಜೆಸಿಬಿ ಕರೆಸುವ ಮುನ್ನ ಈ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತ್ತು ಎಂದು ಕೇಳಿ.

ಇವೆಲ್ಲವನ್ನೂ ಉಳಿಸುವುದು ವಾರ್ಡ್ ಸಮಿತಿ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ಇದು ಸಂವಿಧಾನದ 243ಎಸ್ ವಿಧಿಯ ಆದೇಶ. ರಾಜ್ಯದ ಕಾನೂನಿನಂತೆ ಕಾರ್ಪೊರೇಟರ್ ಅಧ್ಯಕ್ಷತೆಯ ಈ ಸಮಿತಿಯಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ನಿವಾಸಿಗಳ ಸಂಘಗಳಿಗೂ ಸ್ಥಾನವಿದೆ. ಹೆಸರುಗಳನ್ನು ಪಕ್ಷದ ಕಚೇರಿಯಲ್ಲಿ ಗೊತ್ತುಮಾಡದೆ ಅರ್ಜಿ ಆಹ್ವಾನಿಸಿ ಆರಿಸಿದರೆ, ನಿಮ್ಮನ್ನು ವಿರೋಧಿಸುವವರೂ ಒಳಗೆ ಬರುತ್ತಾರೆ; ಬರಲಿ.

ಒಂದು ತೊಡಕನ್ನು ಮೊದಲೇ ಅರಿತಿರಬೇಕು. ಪಕ್ಷದ ಚಿಹ್ನೆಯಲ್ಲಿ ಗೆದ್ದವರಿಗೆ 1987ರ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸುತ್ತದೆ, ವಿಪ್ (ಹೀಗೆ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು ಬರಬಹುದು. ಆದ್ದರಿಂದ ಮತಕ್ಕೆ ಹೋಗುವ ಮೊದಲೇ ಎಲ್ಲ ಪಕ್ಷಗಳ ಸದಸ್ಯರ ಸಹಿ ಸಂಗ್ರಹಿಸಿ ವಿಷಯವನ್ನು ಸರ್ವಾನುಮತದ ಠರಾವಾಗಿಸುವ ದಾರಿಯೇ ಸುರಕ್ಷಿತ. ಚುನಾವಣಾ ನೀತಿ ಸಂಹಿತೆಗಳು ನುಂಗುವ ತಿಂಗಳುಗಳನ್ನು ಲೆಕ್ಕ ಹಾಕಿ, ಮುಖ್ಯ ಠರಾವುಗಳನ್ನು ಮೊದಲ ಎರಡು ಬಜೆಟ್ಟುಗಳೊಳಗೆ ಮಂಡಿಸಿ. ಪ್ರತಿ ಠರಾವಿನಲ್ಲೂ ಹೊಣೆ ಹೊತ್ತ ಅಧಿಕಾರಿಯ ಹುದ್ದೆ, ಕೊನೆಯ ದಿನಾಂಕ, ಹಣದ ಲೆಕ್ಕಶೀರ್ಷಿಕೆ ಮೂರೂ ನಮೂದಾಗಿರುವುದನ್ನು ನೋಡಿಕೊಂಡು, ಮುಂದಿನ ಸಭೆಯಲ್ಲಿ ನಡಾವಳಿ ಸ್ಥಿರೀಕರಣವಾಗುವಾಗ ಅವು ಹಾಗೆಯೇ ಉಳಿದಿವೆಯೇ ಎಂದು ಓದಿ ಖಚಿತಪಡಿಸಿಕೊಳ್ಳಿ.