ಕರು ಹಾಕುವ ಕಾಲದಲ್ಲಿ ಪ್ರೇಮ: ರ‍್ಯಾಂಚ್ ಕಾದಂಬರಿ ಬರೆಯಲು ಹೊರಟವರಿಗೆ

ನನ್ನ ಮೊದಲ ರ‍್ಯಾಂಚ್ ಕಥೆಯಲ್ಲಿ ಆಗಸ್ಟ್ ತಿಂಗಳ ಬೆಳದಿಂಗಳಲ್ಲಿ ಒಂದು ಕರು ಹುಟ್ಟಿತ್ತು. ರ‍್ಯಾಂಚ್ ಅಂದರೆ ಹಿಂಡುಗಟ್ಟಲೆ ದನ ಸಾಕುವ ದೊಡ್ಡ ಜಮೀನು. ಪೇಟೆಯಿಂದ ಬಂದ ನಾಯಕಿ ಮೊದಲ ಭೇಟಿಯಲ್ಲೇ ನಾಯಕನನ್ನು ‘ನಿಮ್ಮ ಹತ್ರ ಎಷ್ಟು ದನ ಇದಾವೆ?’ ಅಂತ ಕೇಳಿದ್ದಳು. ಅವನು ನಾಚಿಕೊಂಡು ‘ಎಂಟುನೂರು’ ಅಂದಿದ್ದ. ಅಮೆರಿಕದ ಮೊಂಟಾನಾ ರಾಜ್ಯದ ಬಿಗ್ ಟಿಂಬರ್ ಊರಿನ ಹತ್ತಿರ ರ‍್ಯಾಂಚ್ ಇರುವ ಗೆಳತಿಯೊಬ್ಬಳಿಗೆ ಈ ಕಥೆಯನ್ನು ಹುರುಪಿನಿಂದ ಹೇಳಿದೆ. ಆಕೆ ಕಾಫಿ ಲೋಟ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ಎಷ್ಟು ದನ ಅಂತ ಕೇಳೋದೂ ಒಂದೇ, ಬ್ಯಾಂಕಲ್ಲಿ ಎಷ್ಟಿಟ್ಟಿದೀಯ ಅಂತ ಕೇಳೋದೂ ಒಂದೇ. ಆಗಸ್ಟಲ್ಲಿ ನಾವು ಹುಲ್ಲು ಕೊಯ್ತಾ ಇರ್ತೀವಿ, ಕರು ಹಾಕಿಸ್ತಾ ಇರಲ್ಲ’ ಅಂದಳು.

ನಾನು ಸಾಗರದ ಕಡೆಯವಳು. ಕೊಟ್ಟಿಗೆಯ ವಾಸನೆಯಲ್ಲೇ ಬೆಳೆದವಳು. ಗಂಡನ ಕೆಲಸದ ದೆಸೆಯಿಂದ ಮೊಂಟಾನಾದ ಬಿಲ್ಲಿಂಗ್ಸ್ ಊರಿಗೆ ಬಂದೆ. ಇಲ್ಲಿಯ ಚಳಿಗಾಲ ಕಳೆಯಲು ಗ್ರಂಥಾಲಯದಿಂದ ಕೌಬಾಯ್ ಪ್ರೇಮಕಥೆಗಳನ್ನು ಹೊರೆಗಟ್ಟಲೆ ತಂದು ಓದಿದೆ. ಆಮೇಲೆ ಕನ್ನಡದಲ್ಲಿ ಧಾರಾವಾಹಿಯಾಗಿ ಬರೆಯಲು ಶುರುಮಾಡಿದೆ. ಈಗ ಮೂರನೆಯದು ನಡೆಯುತ್ತಿದೆ. ಇಂಥ ಕಥೆ ಬರೆಯಲು ಆಸೆಯಿದೆ, ಹೇಗೆ ಶುರುಮಾಡಲಿ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ನಾಯಕನ ಕಣ್ಣಿನ ಬಣ್ಣ ಆಮೇಲೆ ನೋಡಿಕೊಳ್ಳಿ, ಮೊದಲು ಒಂದು ಕ್ಯಾಲೆಂಡರ್ ತೆಗೆದುಕೊಳ್ಳಿ.

ಹಸು ಗಬ್ಬವಾಗಿ ಕರು ಹಾಕಲು ಸುಮಾರು 283 ದಿನ. ಜೂನ್ 5ಕ್ಕೆ ಹೋರಿಗಳನ್ನು ಹಿಂಡಿನೊಳಗೆ ಬಿಟ್ಟರೆ ಮಾರ್ಚ್ ಮಧ್ಯದಿಂದ ಕರುಗಳು ಬೀಳತೊಡಗುತ್ತವೆ. ಮೇ ಕೊನೆ, ಜೂನ್ ಹೊತ್ತಿಗೆ ಯಾರ ದನ ಅಂತ ಗುರುತಿಗೆ ಕರುಗಳಿಗೆ ಬರೆ ಹಾಕಿ, ತಾಯಿಯ ಜೊತೆ ಬೆಟ್ಟದ ಮೇವಿಗೆ ಹೊಡೆಯುತ್ತಾರೆ. ಜುಲೈ, ಆಗಸ್ಟ್ ಪೂರ್ತಿ ಹುಲ್ಲಿನ ಕೆಲಸ. ಅಕ್ಟೋಬರಿನಲ್ಲಿ ದನ ಕೆಳಗಿಳಿಸಿ, ಕರುಗಳನ್ನು ತಾಯಿಯಿಂದ ಬಿಡಿಸಿ, ಲಾರಿಗೆ ತುಂಬಿ ಮಾರುತ್ತಾರೆ. ಅದೇ ಹೊತ್ತಿಗೆ ಪಶುವೈದ್ಯರು ಬಂದು ಯಾವ ಹಸು ಗಬ್ಬ, ಯಾವುದು ಅಲ್ಲ ಅಂತ ನೋಡುತ್ತಾರೆ. ಗಬ್ಬವಾಗದ್ದು ಸಾಮಾನ್ಯವಾಗಿ ಮಾರಾಟಕ್ಕೆ. ಚಳಿಗಾಲವಿಡೀ ದಿನಾ ಹುಲ್ಲು ಹಾಕುವುದು, ನೀರಿನ ತೊಟ್ಟಿಯ ಮಂಜುಗಡ್ಡೆ ಒಡೆಯುವುದು. ಮತ್ತೆ ಮಾರ್ಚ್.

ನಿಮ್ಮ ಪ್ರೇಮಿಗಳು ಯಾವಾಗ ಹತ್ತಿರ ಬರಬೇಕು, ಯಾವಾಗ ಸಿಡಿದು ದೂರ ಹೋಗಬೇಕು ಅನ್ನುವುದನ್ನು ಈ ಚಕ್ರವೇ ಹೇಳುತ್ತದೆ. ಪ್ರೇಮಕಥೆಯ ಮುಕ್ಕಾಲು ಪಾಲಿನ ಹೊತ್ತಿಗೆ ಒಂದು ದೊಡ್ಡ ಅಗಲಿಕೆ ಬರಬೇಕು ಅಂತ ಈ ಪ್ರಕಾರದವರೆಲ್ಲ ಹೇಳುತ್ತಾರೆ. ನಾನು ಅದನ್ನು ಕರು ಬಿಡಿಸುವ ವಾರಕ್ಕೆ ಇಟ್ಟೆ. ಬೇಲಿಯ ಈಚೆ ತಾಯಂದಿರು, ಆಚೆ ಕರುಗಳು. ಸುಮಾರು ಮೂರು ಹಗಲು ಮೂರು ರಾತ್ರಿ ಎರಡೂ ಕಡೆಯಿಂದ ಅಂಬಾ ಅನ್ನುವ ಕೂಗು ನಿಲ್ಲುವುದಿಲ್ಲ. ಮನೆಯೊಳಗೆ ಮಾತು ಬಿಟ್ಟ ಇಬ್ಬರು. ಅವರ ದುಃಖದ ಬಗ್ಗೆ ನಾನು ಒಂದು ಸಾಲೂ ಬರೆಯಬೇಕಾಗಿ ಬರಲಿಲ್ಲ.

ಹತ್ತಿರ ಬರುವುದಕ್ಕೆ ಮಾರ್ಚಿನ ರಾತ್ರಿಗಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಮೊದಲ ಸಲ ಕರು ಹಾಕುವ ಕಡಸುಗಳನ್ನು ರಾತ್ರಿ ಎರಡು ಮೂರು ಗಂಟೆಗೊಮ್ಮೆ ಎದ್ದು ನೋಡಬೇಕು, ಸರದಿಯ ಮೇಲೆ. ಹೊರಗೆ ಕೆಲವು ರಾತ್ರಿ ಸೊನ್ನೆ ಡಿಗ್ರಿ ಫ್ಯಾರನ್‌ಹೀಟಿಗಿಂತಲೂ ಕೆಳಗಿನ ಚಳಿ. ಅಂದ ಹಾಗೆ, ಮುಖಪುಟದ ಗಂಡಸರಿಗೆ ಅಂಗಿ ಇರುವುದಿಲ್ಲ ಅಲ್ಲವೆ, ಮೊಂಟಾನಾದ ಮಾರ್ಚಿನಲ್ಲಿ ಅಂಗಿ ಬಿಚ್ಚಿ ನಿಂತವನು ಸೀದಾ ಆಸ್ಪತ್ರೆ ಸೇರುತ್ತಾನೆ. ನಿಮ್ಮ ನಾಯಕನಿಗೆ ಎರಡು ಅಂಗಿ, ಅದರ ಮೇಲೆ ದಪ್ಪ ಕ್ಯಾನ್ವಾಸ್ ಜಾಕೆಟ್ಟು, ಕಿವಿ ಮುಚ್ಚುವ ಟೋಪಿ ಹಾಕಿ. ಅಷ್ಟೆಲ್ಲ ಹಾಕಿಕೊಂಡರೂ ಚೆನ್ನಾಗಿ ಕಾಣುವ ಹಾಗೆ ಬರೆಯುವುದು ನಿಮ್ಮ ಕೆಲಸ.

ಗೆಳತಿಯ ಕೊಟ್ಟಿಗೆಯಲ್ಲಿ ಒಂದು ರಾತ್ರಿ ನಾನು ಟಾರ್ಚ್ ಹಿಡಿದು ನಿಂತಿದ್ದೆ. ಕಡಸು ಮಲಗಿ ತಿಣುಕುತ್ತಿತ್ತು. ಎರಡು ಮುಂಗಾಲು ಕಾಣುತ್ತಿದ್ದವು, ಅದರ ಮೇಲೆ ಮೂತಿ. ಅಂದರೆ ಕರು ಸರಿಯಾಗಿಯೇ ಬರುತ್ತಿತ್ತು, ಆದರೆ ದೊಡ್ಡದು. ಗೆಳತಿ ಸ್ಟೀಲಿನ ಸಣ್ಣ ಸರಪಳಿ ತೆಗೆದು ಕರುವಿನ ಕಾಲಗಂಟಿನ ಮೇಲೆ ಒಂದು ಸುತ್ತು, ಕೆಳಗೆ ಒಂದು ಸುತ್ತು ಹಾಕಿದಳು. ಒಂದೇ ಸುತ್ತಾದರೆ ಎಳೆತವೆಲ್ಲ ಒಂದೇ ಕಡೆ ಬಿದ್ದು ಕಾಲು ಮುರಿಯಬಹುದಂತೆ. ಕಡಸು ತಿಣುಕಿದಾಗ ಎಳೆಯುವುದು, ಅದು ಬಿಟ್ಟಾಗ ತಾನೂ ಬಿಡುವುದು. ಭುಜ ಹೊರಬಂದ ಮೇಲೆ ಎಳೆತ ನೇರಕ್ಕಲ್ಲ, ಕೆಳಕ್ಕೆ, ತಾಯಿಯ ಹಿಂಗಾಲಿನ ಕಡೆಗೆ. ಜಾರಿ ಬಿದ್ದ ಕರು ಉಸಿರಾಡಲಿಲ್ಲ. ಆಕೆ ಒಂದು ಒಣಹುಲ್ಲಿನ ಕಡ್ಡಿ ಕಿತ್ತು ಅದರ ಮೂಗಿನ ಹೊಳ್ಳೆಯೊಳಗೆ ತೂರಿಸಿ ತಿರುಗಿಸಿದಳು. ಕರು ಸೀನಿತು. ಆ ಸೀನನ್ನು ನಾನು ಎರಡು ಕಾದಂಬರಿಗಳಲ್ಲಿ ಬಳಸಿದ್ದೇನೆ, ಮೂರನೆಯದರಲ್ಲೂ ಬಳಸುವವಳೇ.

ಆಮೇಲೆ ಹೊಕ್ಕುಳಿಗೆ ಅಯೋಡಿನ್. ಮೊದಲ ಕೆಲವು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆ ಸೇರಲೇಬೇಕು. ಒಂದು ದಿನ ಕಳೆದರೆ ಅದರಲ್ಲಿರುವ ರೋಗನಿರೋಧಕ ಅಂಶಗಳನ್ನು ಕರುವಿನ ಕರುಳು ಹೀರಿಕೊಳ್ಳುವುದಿಲ್ಲ. ತಾಯಿ ಹತ್ತಿರ ಬಿಡದಿದ್ದರೆ ಪ್ಯಾಕೆಟ್ಟಿನ ಗಿಣ್ಣಿನ ಪುಡಿಯನ್ನು ಬೆಚ್ಚಗಿನ ನೀರಲ್ಲಿ ಕಲಸಿ ಕೊಡುತ್ತಾರೆ. ‘ನಮ್ಮ ಕಡೆ ಕರು ಕುಡಿದು ಮಿಕ್ಕ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ತಿಂತೀವಿ’ ಅಂದೆ. ರಾತ್ರಿ ಮೂರು ಗಂಟೆಯಲ್ಲಿ ಗೆಳತಿ ನನ್ನನ್ನು ನೋಡಿದ ನೋಟ! ಇವು ಮಾಂಸಕ್ಕಾಗಿ ಸಾಕುವ ದನ, ಯಾರೂ ಕರೆಯುವುದಿಲ್ಲ, ಹಾಲೆಲ್ಲ ಕರುವಿನದೇ. ಇದನ್ನೂ ಮರೆಯಬೇಡಿ: ಬೆಳಿಗ್ಗೆ ಎದ್ದು ಹಾಲು ಕರೆಯುವ ರ‍್ಯಾಂಚ್ ನಾಯಕಿಯನ್ನು ಬರೆದವರು ನಮ್ಮಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇದ್ದಾರೆ. ಆ ಕರು ಕೊನೆಗೆ ಏನಾಗುತ್ತದೆ ಅನ್ನುವುದು ಕನ್ನಡದ ಓದುಗರಲ್ಲಿ ಕೆಲವರಿಗೆ ಕಸಿವಿಸಿ ತರುತ್ತದೆ. ಅದನ್ನು ಮುಚ್ಚಿಡಬೇಡಿ. ನನ್ನ ನಾಯಕಿ ಸಸ್ಯಾಹಾರಿ. ಲಾರಿ ಹೊರಡುವ ದಿನ ಅವಳು ಮನೆಯೊಳಗೆ ಕೂರುತ್ತಾಳೆ, ನಾಯಕ ಅವಳನ್ನು ಹೊರಗೆ ಬಾ ಅನ್ನುವುದಿಲ್ಲ.

ಬರೆ ಹಾಕುವ ದಿನ ಗುಂಪಿನ ದೃಶ್ಯ ಬರೆಯಲು ಹೇಳಿ ಮಾಡಿಸಿದ್ದು. ಅಕ್ಕಪಕ್ಕದ ರ‍್ಯಾಂಚಿನವರೆಲ್ಲ ಬರುತ್ತಾರೆ, ಸಂಬಳವಿಲ್ಲ, ನಾಳೆ ಇವರು ಅವರಲ್ಲಿಗೆ ಹೋಗುತ್ತಾರೆ. ನಮ್ಮ ಮುಯ್ಯಾಳು, ಅಷ್ಟೇ. ಕುದುರೆಯ ಮೇಲಿರುವವರು ಹಗ್ಗ ಬೀಸಿ ಕರುವಿನ ಹಿಂಗಾಲು ಹಿಡಿದು ಬೆಂಕಿಯ ಹತ್ತಿರ ಎಳೆದು ತರುತ್ತಾರೆ, ಇಬ್ಬರು ಅದುಮಿ ಹಿಡಿಯುತ್ತಾರೆ. ಬರೆ, ಚುಚ್ಚುಮದ್ದು, ಗಂಡಾದರೆ ಬೀಜ ತೆಗೆಯುವುದು, ಎಲ್ಲ ಚಕಚಕ ಮುಗಿಯುತ್ತದೆ. ಇಲ್ಲಿ ಯಾರಿಗೆ ಯಾವ ಕೆಲಸ ಅನ್ನುವುದರಲ್ಲೇ ಕಥೆ ಇದೆ. ಹಗ್ಗ ಬೀಸುವುದು ಮರ್ಯಾದೆಯ ಕೆಲಸ, ಯಜಮಾನ ಕರೆದವರಷ್ಟೇ ಮಾಡುವುದು. ಹೊಸಬರ ಕೈಗೆ ಸಿರಿಂಜು. ನಿಮ್ಮ ನಾಯಕಿಗೆ ಮೊದಲ ವರ್ಷ ಸಿರಿಂಜು ಕೊಡಿ. ಮುದಿ ಮಾವ ‘ಕುದುರೆ ಹತ್ತು’ ಅಂತ ಕರೆಯುವುದು ಎರಡನೇ ವರ್ಷಕ್ಕಿರಲಿ. ಮದುವೆಗೆ ಒಪ್ಪಿಗೆ ಕೊಟ್ಟದ್ದಕ್ಕಿಂತ ದೊಡ್ಡ ಮಾತು ಅದು.

ರ‍್ಯಾಂಚಿಗೆ ಹೆಸರಿಗಿಂತ ಮೊದಲು ಬರೆಯನ್ನು ಕಟ್ಟಿ. ಅಕ್ಷರ ಮಲಗಿದ್ದರೆ ‘ಲೇಜಿ’, ಕೆಳಗೆ ಕಮಾನಿದ್ದರೆ ‘ರಾಕಿಂಗ್’, ರೆಕ್ಕೆಯಿದ್ದರೆ ‘ಫ್ಲೈಯಿಂಗ್’, ಗೆರೆ ಇದ್ದರೆ ‘ಬಾರ್’. ಓದುವುದು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ. ಮೊಂಟಾನಾದಲ್ಲಿ ಬರೆಯನ್ನು ರಾಜ್ಯದಲ್ಲಿ ನೋಂದಾಯಿಸಬೇಕು, ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಳೆದ ಸಲ 2021ರಲ್ಲಿ ಆಯಿತು. ಅದು ಆಸ್ತಿ: ಮಾರಬಹುದು, ಮಗಳಿಗೆ ಬಿಟ್ಟುಹೋಗಬಹುದು. ನನ್ನ ನಾಯಕಿ ‘ಠ’ ಅಕ್ಷರವನ್ನೇ ಬರೆ ಮಾಡೋಣ ಅಂತ ಹಟ ಹಿಡಿಯುತ್ತಾಳೆ. ನಾಯಕ, ಮುಚ್ಚಿದ ಸುತ್ತಿನೊಳಗೆ ಚುಕ್ಕೆ ಇದ್ದರೆ ಕಾವು ಒಳಗೇ ನಿಂತು ಚರ್ಮ ಕಲಸಿಹೋಗುತ್ತದೆ, ಓದಲಾಗುವುದಿಲ್ಲ ಅನ್ನುತ್ತಾನೆ. ಅವರ ಮೊದಲ ನಿಜವಾದ ಜಗಳ ಅದು.

ಇನ್ನು ಖಳನಾಯಕ. ಇಲ್ಲಿ ಹೆಚ್ಚಿನವರು ಎಡವುತ್ತಾರೆ: ಕಪ್ಪು ಕಾರಿನಲ್ಲಿ ಬಂದ ರೆಸಾರ್ಟ್ ಕುಳ, ಅವನ ಸೂಟಿನ ಜೇಬಿನಲ್ಲಿ ಕಾಗದಪತ್ರ. ಇಲ್ಲವೆ ‘ಅಪ್ಪ ಸತ್ತರು, ಎಸ್ಟೇಟ್ ತೆರಿಗೆಗೆ ರ‍್ಯಾಂಚ್ ಮಾರಬೇಕು’. ಈ ಎರಡನೆಯದನ್ನು ದಯವಿಟ್ಟು ಕೈಬಿಡಿ. ಸತ್ತ ಒಬ್ಬರ ಆಸ್ತಿಯಲ್ಲಿ 2025ರಲ್ಲಿ 1.399 ಕೋಟಿ ಡಾಲರ್, 2026ರಲ್ಲಿ 1.5 ಕೋಟಿ ಡಾಲರ್‌ವರೆಗೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಎಸ್ಟೇಟ್ ತೆರಿಗೆ ಇಲ್ಲ. ಮೊಂಟಾನಾ ರಾಜ್ಯಕ್ಕೆ ಅಂಥ ತೆರಿಗೆಯೇ ಇಲ್ಲ. ರ‍್ಯಾಂಚ್ ಒಡೆಯುವುದು ಅಣ್ಣತಮ್ಮಂದಿರ ಪಾಲಿನಲ್ಲಿ. ಇದನ್ನು ಮಲೆನಾಡಿನವಳಾದ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಒಬ್ಬ ಮಗ ಇಪ್ಪತ್ತು ವರ್ಷ ಸಂಬಳವಿಲ್ಲದೆ ದುಡಿದಿದ್ದಾನೆ. ಅಕ್ಕ ಸಿಯಾಟಲ್‌ನಲ್ಲಿ, ತಮ್ಮ ಡೆನ್ವರ್‌ನಲ್ಲಿ. ಅಪ್ಪ ‘ಮೂವರಿಗೂ ಸಮ’ ಅಂತ ಬರೆದಿಟ್ಟು ಹೋಗಿದ್ದಾನೆ. ಭೂಮಿಯ ಬೆಲೆ ಹೊರಗಿನವರ ದುಡ್ಡಿನಿಂದ ಆಕಾಶಕ್ಕೇರಿದೆ. ದನದ ಆದಾಯ ಅದರ ಸಮಕ್ಕೆ ಏರಿಲ್ಲ. ವರ್ಷಕ್ಕೆ ಒಂದೇ ಚೆಕ್ಕು, ಅಕ್ಟೋಬರಿನ ಕರುಗಳದ್ದು. ಅದರಲ್ಲಿ ಬ್ಯಾಂಕಿನ ಸಾಲ ಕಳೆಯಬೇಕು. ಅಕ್ಕತಮ್ಮಂದಿರ ಪಾಲನ್ನು ಕೊಳ್ಳುವುದು ಹೇಗೆ? ಯಾರೂ ಕೆಟ್ಟವರಲ್ಲ. ಸಿಯಾಟಲ್‌ನ ಅಕ್ಕನಿಗೂ ಮಕ್ಕಳ ಕಾಲೇಜಿದೆ. ಅವಳನ್ನು ಕೆಟ್ಟವಳಾಗಿ ಮಾಡಿದಿರೋ, ಕಥೆ ಅಲ್ಲಿಗೆ ತೆಳುವಾಯಿತು.

ಅಪ್ಪ ಬದುಕಿದ್ದರೆ ಇನ್ನೂ ಚೆಂದ. 2022ರ ಕೃಷಿಗಣತಿಯ ಪ್ರಕಾರ ಅಮೆರಿಕದ ರೈತರ ಸರಾಸರಿ ವಯಸ್ಸು 58.1. ಎಪ್ಪತ್ತೈದಾದರೂ ಚೆಕ್ ಪುಸ್ತಕ ಕೈಬಿಡದ ಯಜಮಾನ, ನಲವತ್ತಾದರೂ ಟ್ರ್ಯಾಕ್ಟರ್ ಕೊಳ್ಳಲು ಅಪ್ಪನನ್ನು ಕೇಳಬೇಕಾದ ಮಗ. ಆ ಮಗ ಒಂದು ಹೆಣ್ಣಿಗೆ ‘ನನ್ನ ಜೊತೆ ಇರು’ ಅಂತ ಹೇಳಲು ಯಾಕೆ ತಡವರಿಸುತ್ತಾನೆ ಅನ್ನುವುದಕ್ಕೆ ಹಳೆಯ ಪ್ರೇಯಸಿಯ ದ್ರೋಹದ ಕಥೆ ಹೆಣೆಯುವ ಅಗತ್ಯವೇ ಇಲ್ಲ.

ಸುಖಾಂತ ಇರಲೇಬೇಕು, ಅದು ಓದುಗರಿಗೆ ಕೊಟ್ಟ ಮಾತು. ಆದರೆ ಲಾಟರಿ ಹೊಡೆಯುವುದು, ನೆಲದಲ್ಲಿ ಎಣ್ಣೆ ಸಿಗುವುದು ಬೇಡ. ‘ಕನ್ಸರ್ವೇಷನ್ ಈಸ್‌ಮೆಂಟ್’ ಅಂತ ಒಂದು ದಾರಿ ನಿಜವಾಗಿಯೂ ಇದೆ: ನೆಲವನ್ನು ತುಂಡು ಮಾಡಿ ಮನೆ ಕಟ್ಟುವ ಹಕ್ಕನ್ನು ಮಾತ್ರ ಒಂದು ಲ್ಯಾಂಡ್ ಟ್ರಸ್ಟಿಗೆ (ನೆಲ ಉಳಿಸುವ ಸಂಸ್ಥೆಗೆ) ಮಾರುವುದು ಅಥವಾ ದಾನ ಕೊಡುವುದು. ನೆಲ ಮನೆಯವರದ್ದೇ, ದನ ಮೇಯುತ್ತವೆ, ಯಾರೂ ಇನ್ನು ಮುಂದೆ ಅದನ್ನು ಸೈಟು ಮಾಡಲಾರರು. ಮಾರಿದ ದುಡ್ಡಿನಲ್ಲಿ ಅಕ್ಕನ ಪಾಲು. ನನ್ನ ಎರಡನೇ ಕಥೆ ಹೀಗೇ ಮುಗಿಯಿತು. ‘ಇಷ್ಟು ಕಾನೂನು ಯಾಕೆ’ ಅಂತ ಕೆಲವರು ಗೊಣಗಿದರು, ಅಡಿಕೆ ತೋಟದ ಪಾಲು ಕಂಡವರು ಗೊಣಗಲಿಲ್ಲ.

ಜಗಳಗಂಟಿ ನೆರೆಯವರಿಬ್ಬರ ಪ್ರೇಮ ಬೇಕೆ? ನೀರಿನ ಹಕ್ಕು ನೋಡಿ. ಪಶ್ಚಿಮದ ರಾಜ್ಯಗಳಲ್ಲಿ ಹಳ್ಳದ ನೀರು ಮೊದಲು ಬಳಸಿದವರಿಗೆ ಮೊದಲು. 1884ರ ಹಕ್ಕಿರುವವನು ತನ್ನ ಪಾಲು ಪೂರ್ತಿ ತೆಗೆದುಕೊಂಡ ಮೇಲೆ 1901ರವಳಿಗೆ. ಒಣಗಿದ ಜುಲೈನಲ್ಲಿ ಕಾಲುವೆಯ ತೂಬಿನ ಬಾಗಿಲ ಬಳಿ ಬೆಳಗಿನ ಐದಕ್ಕೆ ಇಬ್ಬರೂ ಎದುರಾಗಲಿ. ಹುಲ್ಲು ಯಾಕೆ ಅಷ್ಟು ಮುಖ್ಯ ಅಂತ ಓದುಗರಿಗೆ ತಿಳಿಯಬೇಕಾದರೆ ಅಜ್ಜನ ಬಾಯಲ್ಲಿ 1886–87ರ ಚಳಿಗಾಲ ಬರಲಿ: ಮೇವು ಕೂಡಿಡದೆ ಬಯಲಿಗೆ ಬಿಟ್ಟಿದ್ದ ದನಗಳು ಹಿಮದಲ್ಲಿ ರಾಶಿರಾಶಿ ಸತ್ತವು, ಬಣವೆ ಒಟ್ಟದೆ ದನ ಸಾಕುವ ಕಾಲ ಅಲ್ಲಿಗೆ ಮುಗಿಯಿತು. ಬೇಸಿಗೆಯ ಬೆಟ್ಟದ ಮೇವು ಬಹಳ ಕಡೆ ಸರ್ಕಾರಿ ಅರಣ್ಯದ್ದು, ಪರ್ಮಿಟ್ಟಿನ ಮೇಲೆ. ಒಂದು ಹಸು ಕರುವಿನ ಜೊತೆ ಒಂದು ತಿಂಗಳು ಮೇಯಲು ಫೆಡರಲ್ ಶುಲ್ಕ 2025ರಲ್ಲಿ 1.35 ಡಾಲರ್. ಸೊಪ್ಪಿನಬೆಟ್ಟ ಗೊತ್ತಿರುವವರಿಗೆ ಇದರ ಒಳಸುಳಿ ಗೊತ್ತು: ಜಾಗ ಸರ್ಕಾರದ್ದು, ಆದರೂ ಮನೆಯವರ ಬಾಯಲ್ಲಿ ಅದು ‘ನಮ್ಮ ಬೆಟ್ಟ’. ‘ಐದು ತಲೆಮಾರಿನ ನಮ್ಮ ನೆಲ’ ಅಂತ ನಾಯಕ ಎದೆಯುಬ್ಬಿಸಿದಾಗ, ಅದಕ್ಕೂ ಮೊದಲು ಅದು ಕ್ರೋ ಎಂಬ ಮೂಲನಿವಾಸಿ ಜನರ ನೆಲವಾಗಿತ್ತು ಅಂತ ನೆನಪಿಸುವ ಒಂದು ಪಾತ್ರ ಇರಲಿ. ಕ್ರೋ ಮೀಸಲು ಪ್ರದೇಶ ನನ್ನ ಊರಿನ ದಕ್ಷಿಣಕ್ಕೇ ಇದೆ. ಆ ಪಾತ್ರವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಸಣ್ಣಪುಟ್ಟ ವಿಷಯ: ಟೋಪಿಯನ್ನು ಹಾಸಿಗೆಯ ಮೇಲೆ ಇಡಬಾರದು, ಅಪಶಕುನ. ಬೇಸಿಗೆಗೆ ಹುಲ್ಲಿನ ಟೋಪಿ, ಚಳಿಗೆ ಫೆಲ್ಟ್. ರ‍್ಯಾಂಚಿನ ಒಡೆಯನನ್ನು ಕೌಬಾಯ್ ಅಂತ ಕರೆಯುವ ಮೊದಲು ಯೋಚಿಸಿ. ಆ ಪದ ಮೂಲತಃ ಸಂಬಳದ ಆಳಿನದು.

ಕೊನೆಯದಾಗಿ ಗೇಟು. ನಮ್ಮ ದಣಪೆಯ ಹಾಗೆ ಗಳ ಸರಿಸಿದರಾಯಿತು ಅಂದುಕೊಳ್ಳಬೇಡಿ. ನಾಲ್ಕು ಎಳೆ ಮುಳ್ಳುತಂತಿಗೆ ಕೋಲು ಕಟ್ಟಿದ ಗೇಟು. ಅದರ ತುದಿಯ ಕೋಲನ್ನು ಕಂಬದ ಕೆಳಗಿನ ತಂತಿಯ ಕುಣಿಕೆಗೆ ಸಿಕ್ಕಿಸಿ, ಭುಜ ಕೊಟ್ಟು ಕಂಬವನ್ನು ತಬ್ಬಿ ಎಳೆದು, ಮೇಲಿನ ಕುಣಿಕೆ ತೊಡಿಸಬೇಕು. ಹೇಗಿತ್ತೋ ಹಾಗೆ ಬಿಡಬೇಕು: ಹಾಕಿದ್ದರೆ ಹಾಕಿ, ತೆರೆದಿದ್ದರೆ ತೆರೆದೇ. ಇಳಿದು ತೆಗೆಯುವುದು ಪಿಕಪ್ಪಿನ ಪಕ್ಕದ ಸೀಟಿನವರ ಕೆಲಸ. ನನ್ನ ಮೂರನೆಯ ಕಥೆಯ ಮೊದಲ ಅಧ್ಯಾಯದಲ್ಲಿ ನಾಯಕಿ ಇಳಿದು ಹತ್ತು ನಿಮಿಷ ಆ ಕಂಬದ ಜೊತೆ ಗುದ್ದಾಡಿ, ಅಂಗೈ ಗೀರಿಕೊಂಡು, ಸೋತು ನಿಲ್ಲುತ್ತಾಳೆ. ಕೊನೆಯ ಅಧ್ಯಾಯಕ್ಕೆ ನಾನು ಅಂದುಕೊಂಡಿರುವುದು ಇದು: ಅವಳು ಪಿಕಪ್ ಓಡಿಸುತ್ತಿರುತ್ತಾಳೆ, ಗೇಟು ಬರುತ್ತದೆ, ಅವನು ಮಾತಿಲ್ಲದೆ ಇಳಿಯುತ್ತಾನೆ, ಅವಳು ದಾಟುತ್ತಾಳೆ. ಗೆಳತಿಗೆ ಹೇಳಿದೆ. ಈ ಸಲ ನಗಲಿಲ್ಲ.

‘ಅವನು ಹಿಂದೆ ಗೇಟು ಹಾಕಿದನಾ?’ ಅಂತ ಕೇಳಿದಳು.

ಬರೆದಿರಲಿಲ್ಲ. ಮನೆಗೆ ಬಂದು ಸೇರಿಸಿದೆ.